ತೋಕಿ ಬಚ್ಚಿಟ್ಟ ಹೆಂಡ

"ಆ ಹೆಂಡದ ಮಡಕೆನೂ ತಾ ಮಗಳೇ, ಚಿತೆ ಮೇಲಿಡೋಣ. ಅದಿಲ್ದಿದ್ರೆ ಅವಳಿಗೆ ಆ ಲೋಕದಲ್ಲೂ ನಿದ್ದೆ ಹತ್ತಲ್ಲ," ಎಂದ ಪಕ್ಕದ ಮನೆಯ ಕುಂಬಾರ ಕಕೈಚು.

ಅಂಗಳದಲ್ಲಿದ್ದವರೆಲ್ಲ ನಕ್ಕರು. ಸತ್ತವರ ಸಾಮಾನು ಸತ್ತವರ ಜೊತೆಗೇ ಸುಡುವುದು ಈ ಕಾಲುವೆ ದಂಡೆಯ ಊರಿನ ಪದ್ಧತಿ. ತೋಕಿ ಚಿಪ್ಪು ಉಜ್ಜುತ್ತಿದ್ದ ಕಲ್ಲು, ಮರದ ಅಂಟಿನ ಬಟ್ಟಲು ಆಗಲೇ ಚಿತೆಗೇರಿದ್ದವು. ಮಡಕೆ ಹೊತ್ತು ಬಂದ ಸೊಸೆ ಮಷದ್‌ಗೆ ಮಾತ್ರ ನಗು ಬರಲಿಲ್ಲ. ಗಂಡು ಹೆಣ್ಣೆಲ್ಲ ತೊಡುವ ಕಡಲಚಿಪ್ಪಿನ ಬಳೆ ಊರಲ್ಲಿ ಯಾರು ಬೇಕಾದರೂ ಮಾಡುತ್ತಿದ್ದರು. ಕಪ್ಪೆಯ ಚಿತ್ರ ಉಬ್ಬಿ ನಿಲ್ಲುವ ಚಿಪ್ಪು ಮಾತ್ರ ತೋಕಿಯದೇ. ಅದಕ್ಕೆಂದು ದೂರದವರು ಉಪ್ಪು, ಹತ್ತಿ ಹೊತ್ತು ಬರುತ್ತಿದ್ದರು. ಇನ್ನು ಅವರು ಬಂದರೆ ಏನು ಕೊಡುವುದು?

*

"ಚಿಪ್ಪಿನ ಮೇಲೆ ನೀವು ಅಂಟಲ್ಲಿ ಕಪ್ಪೆ ಬರೆದ್ರಿ. ಆಮೇಲೆ ಏನು ಅತ್ತೆ?"

"ಆಮೇಲಿನದ್ದಾ? ಮಳೆಹಬ್ಬ ಕಳೀಲಿ, ಹೇಳ್ತೀನಿ. ಈಗ್ಲೇ ಹೇಳಿದ್ರೆ ನೀನು ಗಂಡನಿಗೆ ಹೇಳ್ತೀಯ, ಅವನು ಊರಿಗೇ ಹೇಳ್ತಾನೆ."

ಬದುಕಿದ್ದಾಗ ಒಂದು ದಿನ ಹೀಗೆಂದು ತೋಕಿ ಚಿಪ್ಪು ಹಿಡಿದು ಹಿತ್ತಲ ಗುಡಿಸಲಿಗೆ ಹೋಗಿದ್ದಳು. ಮಳೆಹಬ್ಬದಲ್ಲಿ ಊರೆಲ್ಲ ಕಳ್ಳಿಹಣ್ಣಿನ ಹೆಂಡ ಕುಡಿದು ಮುಗಿಸಿದರೆ, ಅವಳು ಒಂದು ಮಡಕೆ ಅಲ್ಲಿ ಬಚ್ಚಿಡುತ್ತಿದ್ದಳು. ವರ್ಷವಿಡೀ ಕುಡಿಯುವ ಹೆಂಗಸೆಂದು ಊರು ಆಡಿಕೊಂಡಿತು. ಅವಳು ಇಲ್ಲವೆನ್ನಲಿಲ್ಲ. ಈ ಸಲ ಹಬ್ಬಕ್ಕೆ ಮೊದಲೇ ಜ್ವರ ಅವಳನ್ನು ಕೊಂಡೊಯ್ದಿತು.

*

"ಮೊದ್ಲು ಅವಳ ಹೆಸರಲ್ಲಿ ಒಂದು ಗುಟುಕು," ಎಂದು ಕಕೈಚು ಕೈಯನ್ನೇ ಮಡಕೆಯಲ್ಲಿ ಅದ್ದಿ ಹೀರಿದ. ಮುಖ ಹಿಂಡಿಕೊಂಡು ಥೂ ಎಂದು ಉಗುಳಿದ.

"ಅಯ್ಯಯ್ಯೋ, ಹಲ್ಲೆಲ್ಲ ಜುಮ್ ಅಂತು. ಇದನ್ನ ಹೆಂಗಪ್ಪಾ ಕುಡೀತಿದ್ಲು?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಷದ್ ಅವನ ಮಣಿಕಟ್ಟನ್ನೇ ನೋಡುತ್ತಿದ್ದಳು. ಅವನು ತೊಟ್ಟಿದ್ದ ಚಿಪ್ಪಿನ ಬಳೆ ಒದ್ದೆಯಾಗಿ ಅದರ ಮೇಲೆ ಸಣ್ಣ ನೊರೆ ಏಳುತ್ತಿತ್ತು. ವರ್ಷವಿಟ್ಟು ಹುಳಿಯಾದ ಹೆಂಡ ಚಿಪ್ಪನ್ನು ತಿನ್ನುತ್ತದೆ. ಅಂಟು ಬಳಿದಲ್ಲಿ ತಿನ್ನಲಾರದು, ಅಲ್ಲಿ ಕಪ್ಪೆ ಉಬ್ಬಿ ಉಳಿಯುತ್ತದೆ. ಅತ್ತೆ ಈ ಹೆಂಡವನ್ನು ತುಟಿಗೂ ಸೋಕಿಸಿದವಳಲ್ಲ. ಮಷದ್‌ಗೆ ಅಳುವಷ್ಟು ಸಂತೋಷವಾಯಿತು.

"ಏನು ಹಂಗೆ ನೋಡ್ತೀಯ?" ಎನ್ನುತ್ತ ಕಕೈಚು ತನ್ನ ಕೈಯತ್ತ ಕಣ್ಣು ಹೊರಳಿಸತೊಡಗಿದ.

ಅವಳು ತಟ್ಟನೆ ಮಡಕೆ ಎತ್ತಿಕೊಂಡಳು. "ನೀವು ಉಗುಳೋದನ್ನ ನೋಡ್ತಿದ್ದೆ ಮಾವ. ಕುಡಿಯೋಕೆ ಬರದವರಿಗೆ ಯಾಕೆ ಬೇಕಿತ್ತು?"

ಅವನೂ ಊರೂ ಬಾಯಿಬಿಟ್ಟು ಅವಳನ್ನೇ ನೋಡುತ್ತಿರಲು ಗಟಗಟ ಕುಡಿದಳು.

"ಅತ್ತೆಗೆ ತಕ್ಕ ಸೊಸೆ," ಎಂದರು ಯಾರೋ.

ಗಂಟಲು ಉರಿಯುತ್ತಿತ್ತು. ಮಷದ್ ಜೇನು ತಿಂದವಳಂತೆ ನಿಧಾನವಾಗಿ ತುಟಿ ಚಪ್ಪರಿಸಿದಳು.