ದೋಣಿಯ ಹಿಂದಿನ ಸೀಟು

ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಇಡೀ ಬೀದಿಯ ಹೆಂಗಸರ ಸೊಂಟದ ಅಳತೆ ನನ್ನ ತಲೆಯಲ್ಲಿದೆ, ಒಬ್ಬರದನ್ನೂ ಇನ್ನೊಬ್ಬರೆದುರು ಬಾಯಿಬಿಟ್ಟವಳಲ್ಲ. ಆದರೆ ನನ್ನ ಮೇಲೆ ಟೇಪು ಹಿಡಿಯುವ ಧೈರ್ಯ ಇದುವರೆಗೆ ಯಾರಿಗೂ ಬಂದಿಲ್ಲ. ನನ್ನ ಬಟ್ಟೆಯನ್ನು ಕಣ್ಣಂದಾಜಿನಲ್ಲೇ ಕತ್ತರಿಸಿಕೊಳ್ಳುತ್ತೇನೆ. ತೂಕದ ಯಂತ್ರ ಕಂಡರಂತೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಎತ್ತದ ವಿಷಯ.

ನಮ್ಮ ಮನೆಯವರು ಬಸ್ಸು ಓಡಿಸುತ್ತಿದ್ದವರು. ಅವರು ನಿವೃತ್ತರಾದಾಗ ಮಗಳು ನಮ್ಮಿಬ್ಬರಿಗೂ ಸೇರಿಸಿ ಒಂದು ದೋಣಿಯಾತ್ರೆ ಗೊತ್ತುಮಾಡಿದಳು. ಇಬ್ಬರೇ ಕೂರುವ ಉದ್ದನೆಯ ಸಣ್ಣ ದೋಣಿ, ಸುತ್ತ ಕಾಡು, ರಾತ್ರಿ ಹೊಳೆಯ ದಡದಲ್ಲಿ ಡೇರೆ, ಮನುಷ್ಯರ ಸುಳಿವಿಲ್ಲ, ಫೋನಿಲ್ಲ. ಕಾಲೇಜು ಹುಡುಗರು ಮಾಡುವ ಕೆಲಸ! ಆದರೂ ಕೇಳಿದ ಕೂಡಲೇ ಇಬ್ಬರಿಗೂ ಹುಚ್ಚು ಹಿಡಿಯಿತು. ಈಜು ನಮಗೆ ಚೆನ್ನಾಗಿ ಬರುತ್ತದೆ. ನಾವು ಮೊದಲು ಒಬ್ಬರ ಕಣ್ಣಿಗೊಬ್ಬರು ಬಿದ್ದದ್ದೇ ಈಜುಕೊಳದಲ್ಲಿ, ಆ ಕತೆ ಇಲ್ಲಿ ಬೇಡ.

ಜಗಳ ಶುರುವಾದದ್ದು ನಡುವೆ ಸಿಗುವ ನಗರದಿಂದ. ಕಾಡಿಗೆ ಹೋಗುವವರೆಲ್ಲ ಅದರ ಬಾಗಿಲಲ್ಲಿರುವ ಆ ದೊಡ್ಡ ಊರಿನಲ್ಲಿ ರೈಲು ಇಳಿಯಬೇಕು. ಅಲ್ಲಿಂದಾಚೆ ಒಂದು ಬೆಂಕಿಪೊಟ್ಟಣವೂ ಸಿಗುವುದಿಲ್ಲ.

"ಬೆಳಿಗ್ಗೆ ಇಳೀತೀವಿ, ಮಧ್ಯಾಹ್ನ ನೀರಲ್ಲಿರ್ತೀವಿ," ಎಂದರು ಇವರು. ಬಸ್ಸು ಓಡಿಸಿದವರಿಗೆ ಯಾವ ಊರಾದರೂ ಅಷ್ಟೇ, ಜನರನ್ನು ಹತ್ತಿಸಿಕೊಂಡು ಹೊರಡುವ ಜಾಗ.

"ಆಗಲ್ಲ. ಅಲ್ಲಿ ಎರಡು ರಾತ್ರಿ ಉಳೀಬೇಕು," ಎಂದೆ.

"ಎರಡು ರಾತ್ರೀನಾ? ಯಾಕೆ, ಆ ಊರಿಗೆ ಸೊಸೆಯಾಗಿ ಹೋಗ್ತಿದ್ದೀಯಾ?"

ನಾನು ಬಟ್ಟೆಗೆ ಗುರುತು ಹಾಕುವ ಸುಣ್ಣದ ತುಂಡು ತೆಗೆದು ಮೇಜಿನ ಮೇಲೆ ಎರಡು ಗೆರೆ ಎಳೆದೆ. "ಇದು ರೈಲು. ಇದು ಹೊಳೆ. ನಡುವೆ ಒಂದಿಷ್ಟು ಬಟ್ಟೆ ಬಿಡದೆ ಹೊಲಿದ್ರೆ ಏನಾಗತ್ತೆ ಹೇಳಿ? ಒಂದು ಸಲ ಜೋರಾಗಿ ಉಸಿರೆಳೆದ್ರೆ ಪರ್ರ್ ಅಂತ ಹರಿಯತ್ತೆ. ರೈಲು ತಡವಾದ್ರೆ? ಅರಣ್ಯ ಕಚೇರೀಲಿ ಪರವಾನಗಿ ಸಿಗದಿದ್ರೆ? ಒಲೆಯ ಗ್ಯಾಸನ್ನ ರೈಲಲ್ಲಿ ಒಯ್ಯೋಕೆ ಬಿಡಲ್ಲ, ಅಲ್ಲೇ ಕೊಳ್ಳಬೇಕು. ಅಲ್ಲೊಂದು ಕೆರೆ ಇದೆಯಂತೆ, ಒಂದು ಸಲ ದೋಣಿ ನಡೆಸಿ ನೋಡೋದು ಬೇಡ್ವಾ?"

"ನಡೆಸೋನು ನಾನು ತಾನೇ? ನೋಡ್ಕೊಳ್ತೀನಿ ಬಿಡು."

ಅಲ್ಲಿಗೆ ನನ್ನ ಪಿತ್ತ ನೆತ್ತಿಗೇರಿತು. ಇಂಥ ದೋಣಿಯಲ್ಲಿ ಮುಂದೆ ಕೂತವರು ಸುಮ್ಮನೆ ಹುಟ್ಟು ಹಾಕುತ್ತಿರಬೇಕು, ಹಿಂದೆ ಕೂತವರು ದಿಕ್ಕು ತಿರುಗಿಸಬೇಕು. ಹಿಂದಿನದೇ ಡ್ರೈವರ್ ಸೀಟು. ಮದುವೆಯಾದಾಗಿನಿಂದ ನಾನು ಹೋದದ್ದೆಲ್ಲ ಇವರು ತಿರುಗಿಸಿದ ಕಡೆಗೆ. ಸ್ಕೂಟರು ಕಲಿಯುತ್ತೇನೆಂದಾಗ ಪಕ್ಕದಲ್ಲೇ ಏದುಸಿರು ಬಿಡುತ್ತ ಓಡಿದರೇ ಹೊರತು ಹ್ಯಾಂಡಲು ಬಿಡಲಿಲ್ಲ ಈ ಪುಣ್ಯಾತ್ಮ. ಮದುವೆಯ ಹೊಸತರಲ್ಲಿ ಇವರ ಬಸ್ಸಿನಲ್ಲಿ, ಇವರ ಬೆನ್ನ ಹಿಂದೆಯೇ ಕೂತು ಆಸೆಯಿಂದ ಒಂದು ಮಾತು ತೆಗೆದರೆ, ತಲೆಯ ಮೇಲಿನ ಫಲಕಕ್ಕೆ ಬೆರಳು ತೋರಿಸುತ್ತಿದ್ದರು: ಚಾಲಕರೊಡನೆ ಮಾತನಾಡಬಾರದು. ಕೈಹಿಡಿದ ಹೆಂಡತಿಗೆ! ಈ ಒಂದು ಸಲವಾದರೂ ತಿರುಗಿಸುವವಳು ನಾನಾಗಬೇಕಿತ್ತು.

"ಈ ಸಲ ಹಿಂದೆ ಕೂರೋದು ನಾನು," ಎಂದೆ.

ಇವರು ನಕ್ಕರು. ನಗಬಾರದಿತ್ತು.

ಮೇಜಿನ ತುದಿಯಲ್ಲಿ ಕಿತ್ತಳೆ ಸುಲಿಯುತ್ತಿದ್ದ ಮಗಳು ನಡುವೆ ಬಾಯಿ ಹಾಕಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಹಟಮಾರಿಗಳನ್ನು ಸಂಭಾಳಿಸಿ ರೂಢಿ. "ಇಬ್ರೂ ಕೇಳಿ. ಎರಡು ರಾತ್ರಿ ಉಳೀತೀರಿ, ಅದು ಅಮ್ಮನ ಮಾತು. ಹಿಂದೆ ಯಾರು ಅಂತ ಆ ಊರಿನ ದೋಣಿಯಂಗಡಿಯವರು ಹೇಳಲಿ. ಅವರು ಹೇಳಿದ್ದೇ ಕೊನೆ, ಆಮೇಲೆ ಯಾರೂ ತಕರಾರು ಮಾಡೋ ಹಾಗಿಲ್ಲ."

ಇಬ್ಬರೂ ಒಪ್ಪಿದೆವು, ಗೆಲ್ಲುವುದು ತಾನೇ ಎಂಬ ಧೈರ್ಯ ಇಬ್ಬರಿಗೂ. ಅವತ್ತಿನಿಂದ ಇವರು ಚಾಪೆಯ ಮೇಲೆ ಕೂತು ಪೊರಕೆಯಿಂದ ಹುಟ್ಟು ಹಾಕತೊಡಗಿದರು. ಅವರು ಆಚೆ ಹೋದ ಹೊತ್ತಿನಲ್ಲಿ ನಾನು ಇಸ್ತ್ರಿಪೆಟ್ಟಿಗೆ ಎತ್ತಿ ಇಳಿಸಿ ರಟ್ಟೆ ಗಟ್ಟಿ ಮಾಡಿಕೊಂಡೆ. ನಡುವೆ ಇವರಿಗೊಂದು ಪ್ಯಾಂಟನ್ನೂ ಹೊಲಿದುಕೊಟ್ಟೆ. "ಕಾಡಲ್ಲಿ ಬೇಕಾಗತ್ತೆ, ಜೇಬು ಆಳವಾಗಿಡು," ಎಂದಿದ್ದರು. ಇಟ್ಟೆ.

ರೈಲು ಅರ್ಧ ದಿನ ತಡವಾಯಿತು. ಹೇಳಿದ್ದೆನಲ್ಲ ಎಂದು ಬಾಯಿಬಿಟ್ಟು ಹೇಳಬೇಕಿರಲಿಲ್ಲ, ನನ್ನ ಮುಖ ನೋಡಿದರೆ ಸಾಕಿತ್ತು. ಸಂಜೆ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಗಂಟುಮೂಟೆ ಇಳಿಸಿದೆವು. ಕಿಟಕಿ ತೆರೆದರೆ ಬಿಸಿ ಬ್ರೆಡ್ಡಿನ ವಾಸನೆ, ಎದುರಿಗೇ ದೋಣಿಯಂಗಡಿ. ಮುಖ ತೊಳೆದವರೇ ಅಲ್ಲಿಗೆ ಓಡಿದೆವು.

ಅಂಗಡಿಯಾಕೆ ದೋಣಿಯೊಂದನ್ನು ಬೋರಲು ಹಾಕಿಕೊಂಡು ಬಣ್ಣ ಬಳಿಯುತ್ತಿದ್ದಳು. ನಾನು ದನಿಗೆ ಬೆಲ್ಲ ಸವರಿಕೊಂಡು ಕೇಳಿದೆ, "ಹಿಂದೆ ಯಾರು ಕೂತರೆ ಒಳ್ಳೇದಮ್ಮಾ?"

"ಅದರಲ್ಲೇನಿದೆ ಅಕ್ಕಾ? ಯಾರ ತೂಕ ಹೆಚ್ಚೋ ಅವರು. ಮುಂದೆ ಭಾರ ಆದ್ರೆ ದೋಣಿ ಮೂತಿ ತಗ್ಗಿಸತ್ತೆ, ಹೇಳಿದ ಮಾತು ಕೇಳಲ್ಲ. ನಾಳೆ ಬೆಳಿಗ್ಗೆ ಸಾಮಾನು ತನ್ನಿ, ಅದರ ಜೊತೆ ನಿಮ್ಮನ್ನೂ ತೂಗ್ತೀನಿ."

ಬಾಗಿಲ ಬಳಿಯೇ ಇತ್ತು ಆ ತಕ್ಕಡಿ. ನೆಲಕ್ಕೆ ಒಂದು ಹಲಗೆ, ಮೇಲೆ ರೈಲು ನಿಲ್ದಾಣದ ಗಡಿಯಾರದಷ್ಟು ದೊಡ್ಡ ಮುಖ. ಬೀದಿಯಲ್ಲಿ ಹೋಗುವವರಿಗೂ ಕಾಣುವಂಥದ್ದು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಒಬ್ಬರು ತೂಗಿಸ್ಕೊಳ್ಳಲ್ಲ ಅಂದ್ರೆ?" ಇವರು ಏನೂ ತಿಳಿಯದವರಂತೆ ಕೇಳಿದರು.

"ಆಗ ಅವರು ಮುಂದೆ ಕೂರಲಿ. ಸಾಮಾನೆಲ್ಲ ಹಿಂದಕ್ಕೆ ಹಾಕಿ ಸರಿಮಾಡ್ತೀನಿ."

ಇವರು ಉದ್ದಕ್ಕೆ ಬೆಳೆದವರು, ನಾನು ಅಡ್ಡಕ್ಕೆ. ಯಾರು ಹೆಚ್ಚು ತೂಗುತ್ತೇವೆಂದು ನೋಡಿ ಹೇಳುವುದು ಕಷ್ಟ. ಆದರೆ ನಾನು ಆ ಹಲಗೆ ಹತ್ತುವವಳಲ್ಲ ಎಂದು ಇವರಿಗೆ ಚೆನ್ನಾಗಿ ಗೊತ್ತು. ರಾತ್ರಿ ಊಟಕ್ಕೆ ಕೂತಾಗ ಬಡಿಸುವವನಿಗೇ ಸುಸ್ತಾಗುವಂತೆ ಅನ್ನ ಹಾಕಿಸಿಕೊಂಡರು. ನಾನು ಅನ್ನ ಕಲಸಿಟ್ಟೇ ಎದ್ದೆ. ಬೆಳಗಾಗುವ ಹೊತ್ತಿಗೆ, ಹಾಳಾಗಲಿ, ಮುಂದೆಯೇ ಕೂತರೆ ನನ್ನ ಗಂಟೇನು ಹೋಗುತ್ತದೆ ಎಂದು ಸೋಲೊಪ್ಪಿಕೊಂಡಿದ್ದೆ.

ಅಂಗಡಿಗೆ ಹೋಗುವಾಗ ಇವರು ಮುಂದೆ, ನಾನು ಹಿಂದೆ. ಮೆಟ್ಟಿಲಿಳಿಯುತ್ತಲೇ ನನ್ನ ಕಣ್ಣು ಇವರ ಪ್ಯಾಂಟಿನ ಮೇಲೆ ಬಿತ್ತು. ಇಸ್ತ್ರಿಯ ಗೆರೆ ನೇರವಾಗಿ ಇಳಿಯದೆ ಹೊರಕ್ಕೆ ಸೊಟ್ಟಗಾಗಿದೆ. ಸೊಂಟಪಟ್ಟಿ ಕೆಳಗೆ ಜಗ್ಗಿದೆ. ನಾನು ಕತ್ತರಿಸಿದ ಬಟ್ಟೆ ಹಾಗೆ ಇಳಿಬೀಳುವುದಿಲ್ಲ, ಸಾಧ್ಯವೇ ಇಲ್ಲ.

ಇವರು ಠೀವಿಯಿಂದ ಹಲಗೆ ಹತ್ತಿದರು. ಮುಳ್ಳು ಸರ್ರನೆ ಓಡಿತು.

"ಜೇಬು ಖಾಲಿ ಮಾಡಿ," ಎಂದೆ.

"ಯಾವ ಜೇಬು?"

"ನಾನು ಹೊಲಿದ ಜೇಬು!"

ಬಲಗಡೆಯಿಂದ ಡೇರೆಯ ಕಬ್ಬಿಣದ ಗೂಟಗಳು ಹೊರಬಂದವು, ಒಂದೊಂದಾಗಿ. ಎಡಗಡೆಯಿಂದ ಪೆಟ್ಟಿಗೆಯ ಬೀಗ, ಆಮೇಲೆ ಸುತ್ತಿಗೆ. ನಾನೆಲ್ಲಿ ಮನಸ್ಸು ಬದಲಾಯಿಸಿ ಹಲಗೆ ಹತ್ತಿಬಿಡುತ್ತೇನೋ ಎಂದು ಈ ಏರ್ಪಾಡು. ಡ್ರೈವರ್ ಬುದ್ಧಿ, ಸ್ಟೆಪ್ನಿಯಿಲ್ಲದೆ ಹೊರಡುವವರಲ್ಲ. ಅಂಗಡಿಯಾಕೆ ಬಣ್ಣದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನಗೂ ನಗು ಬರುತ್ತಿತ್ತು. ಅಷ್ಟರಲ್ಲಿ ಕೊನೆಯದಾಗಿ ಹೊರಬಂತು, ನನ್ನ ಕತ್ತರಿ.

ಆ ಕತ್ತರಿಯಿಲ್ಲದೆ ನಾನು ಯಾವ ಊರಿಗೂ ಹೋಗುವವಳಲ್ಲ. ಅದರಲ್ಲಿ ಕಾಗದ ಕತ್ತರಿಸಿದಳೆಂದು ಹೆತ್ತ ಮಗಳನ್ನೇ ವಾರಗಟ್ಟಲೆ ಮಾತಾಡಿಸಿರಲಿಲ್ಲ.

"ನನ್ನ ಕತ್ತರಿ ಮುಟ್ಟಿದ್ರಾ? ನನ್ನ ಕತ್ತರಿ!"

"ತೂಕಕ್ಕೆ ಬೇಕಿತ್ತು ಕಣೇ... ಒಂದು ಗಳಿಗೆ ಅಷ್ಟೇ..."

ಜೇಬು ಖಾಲಿಯಾಗುತ್ತಲೇ ಮುಳ್ಳು ಮೆಲ್ಲಗೆ ಹಿಂದಕ್ಕೆ ಬಂದು ನಿಂತಿತು. "ಇಳೀರಿ ಕೆಳಗೆ," ಎಂದೆ. ಇಳಿದರು. ಸಿಟ್ಟಿನ ಭರದಲ್ಲಿ ನನಗೆ ಮಾನ ಮರ್ಯಾದೆ ಒಂದೂ ನೆನಪಾಗಲಿಲ್ಲ. ಚಪ್ಪಲಿ ಕಳಚಿ ಎಸೆದು, ಕತ್ತರಿಯನ್ನು ಅಂಗಡಿಯಾಕೆಯ ಕೈಗೆ ಕೊಟ್ಟು, ಹಲಗೆ ಹತ್ತಿ ಕಣ್ಣು ಮುಚ್ಚಿದೆ.

"ಹಿಂದಿನ ಸೀಟು ಅಕ್ಕಂದು!" ಎಂದು ಅಂಗಡಿಯಾಕೆ ಕೂಗಿದಳು. ಬೇಕರಿಯವನು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದ. ಆ ಸಂಖ್ಯೆ ಎಷ್ಟೆಂದು ಕೇಳಬೇಡಿ, ಸತ್ತರೂ ಹೇಳುವುದಿಲ್ಲ. ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಇಷ್ಟು ವರ್ಷ ರಸ್ತೆ ದಾಟಿ ದಾಟಿ ಓಡಿದ್ದು ಈ ಒಂದು ಮುಳ್ಳಿಗಾ ಎನಿಸಿ, ಹಲಗೆಯ ಮೇಲೆ ನಿಂತೇ ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ನಗು ನಿಂತಾಗ ನೋಡಿದರೆ ಇವರು ನೆಲದ ಮೇಲಿನ ಗೂಟಗಳನ್ನು ಆರಿಸಿಕೊಳ್ಳುತ್ತಿದ್ದರು. ಬಸ್ಸಿನ ಬೀಗದ ಕೈ ಒಪ್ಪಿಸಿ ಬಂದ ದಿನದಿಂದ ಮನೆಯಲ್ಲಿ ತಮ್ಮ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದವರು. 'ಬೇಡ ಬಿಡಿ, ನೀವೇ ಕೂತ್ಕೊಳ್ಳಿ' ಎನ್ನುವ ಮಾತು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡೆ.

ಅವತ್ತೇ ಪರವಾನಗಿ, ಗ್ಯಾಸು, ಬೆಂಕಿಪೊಟ್ಟಣ ಎಲ್ಲ ಆಯಿತು. ಊರ ಕೆರೆಯಲ್ಲಿ ಇಡೀ ಮಧ್ಯಾಹ್ನ ದೋಣಿಯನ್ನು ಗಾಣದ ಎತ್ತಿನಂತೆ ಸುತ್ತಿಸಿದೆ, ಸಂಜೆಗೆ ಅದು ನನ್ನ ಮಾತು ಕೇಳತೊಡಗಿತು. ಮರುದಿನ ಹೊಳೆಗೆ ಇಳಿದೆವು.

"ಬಂಡೆ ಬಂಡೆ! ಎಡಕ್ಕೆ ತಿರುಗಿಸು! ನಿಧಾನ, ನಿಧಾನ!" ಇವರು ಮುಂದೆ ಕೂತು ಗಳಿಗೆಗೊಮ್ಮೆ ಹಿಂದೆ ತಿರುಗುತ್ತಿದ್ದರು. ತಡೆದುಕೊಳ್ಳುವಷ್ಟು ತಡೆದುಕೊಂಡೆ. ಆಮೇಲೆ ಹುಟ್ಟು ಎತ್ತಿ, ನನ್ನ ತಲೆಯ ಮೇಲೆ ಇಲ್ಲದ ಫಲಕವೊಂದನ್ನು ತೋರಿಸಿದೆ.

"ಏನದು?"

"ಚಾಲಕರೊಡನೆ ಮಾತನಾಡಬಾರದು."

ದೋಣಿ ಅಲುಗಾಡುವಷ್ಟು ನಕ್ಕರು ಇವರು. ನಕ್ಕು ಮುಂದೆ ತಿರುಗಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಹುಟ್ಟು ಹಾಕುವುದನ್ನೇ ನಿಲ್ಲಿಸಿದ್ದಾರೆ. ದಡದಲ್ಲಿ ಒಂದು ಜಿಂಕೆ, ಅದರ ಕಾಲ ಸಂದಿಯಲ್ಲಿ ಮರಿ. ಎರಡೂ ನೀರು ಕುಡಿಯುತ್ತ ನಮ್ಮನ್ನು ನೋಡಿದವು, ಓಡಲಿಲ್ಲ. ದೋಣಿ ಮುಂದೆ ಹೋದರೂ ಇವರ ಕತ್ತು ಅತ್ತಲೇ ಇತ್ತು.

"ಏ," ಎಂದರು ಮೆಲ್ಲಗೆ. "ದಾರಿ ಪಕ್ಕದಲ್ಲಿ ಯಾವಾಗ್ಲೂ ಇಷ್ಟೆಲ್ಲ ಇರತ್ತಾ?"

"ಇರತ್ತಪ್ಪ. ಯಾಕೆ?"

"ನಿಂಗೆ ಗೊತ್ತು, ನೀನು ಕಿಟಕಿ ಪಕ್ಕ ಕೂತೋಳು. ನಾನು ಇಷ್ಟು ವರ್ಷದಲ್ಲಿ ರಸ್ತೆ ಬಿಟ್ಟು ಪಕ್ಕಕ್ಕೆ ಕಣ್ಣು ಹಾಕಿಲ್ಲ ಕಣೇ. ಹಿಂದೆ ಅಷ್ಟು ಜನ ಕೂತಿರೋರು, ಹೆಂಗೆ ಹಾಕಲಿ?"

ನನಗೆ ಕಣ್ಣು ತುಂಬಿ ಬಂತು. ಹೊಸ ಹೆಂಡತಿಯ ಮಾತಿಗೆ ತಿರುಗಿಯೂ ನೋಡದ ಆ ಬೆನ್ನಿನ ಮೇಲೆ ಇಷ್ಟು ವರ್ಷ ನಾನು ಹಲ್ಲು ಕಡಿದಿದ್ದೆ.

"ಹುಟ್ಟು ಒಳಗಿಟ್ಟು ಆರಾಮಾಗಿ ನೋಡ್ರೀ," ಎಂದೆ. "ನಾನಿದ್ದೀನಿ. ಟಿಕೆಟ್ ಕೇಳಲ್ಲ."

ಇವರು ಹುಟ್ಟನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡರು. ಆ ದಡ ಒಮ್ಮೆ, ಈ ದಡ ಒಮ್ಮೆ ನೋಡುತ್ತ ಕೂತರು. ಮುಂದೆ ಇನ್ನೊಂದು ಬಂಡೆ ಕಂಡಿತು. ಇವರೂ ಅದನ್ನು ನೋಡಿರಬೇಕು, ಆದರೆ ಏನೂ ಹೇಳಲಿಲ್ಲ. ನಾನು ದೋಣಿಯನ್ನು ಬಲಕ್ಕೆ ತಿರುಗಿಸಿದೆ. ಅದು ತಿರುಗಿತು.