ದೀಪಕ್ಕೆ ಹಿಡಿದ ಬಸಿರು

ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿ ಮಾರುವ ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಅನುಮಾನ ಬಂದ ಮೊಟ್ಟೆಯನ್ನು ಎರಡನೇ ಸಲ ನೋಡುವಂತಿಲ್ಲ. ಕಾವುಪೆಟ್ಟಿಗೆಯಲ್ಲಿ ವಾರ ಕಳೆದ ಮೊಟ್ಟೆಗಳನ್ನು ಕತ್ತಲೆಕೋಣೆಗೆ ತಂದು ಒಂದೊಂದನ್ನೇ ದೀಪದ ಬಾಯಿಗೆ ಹಿಡಿಯಬೇಕು. ಒಳಗೆ ಕೆಂಪು ನರಗಳು ಜೇಡನ ಕಾಲಿನಂತೆ ಹರಡಿದ್ದರೆ ಅದು ಟ್ರೇಗೆ ವಾಪಸ್ಸು. ಬೆಳಕು ಸಲೀಸಾಗಿ ಹಾಯ್ದುಹೋದರೆ ಖಾಲಿ, ಬುಟ್ಟಿಗೆ. ಎರಡೂ ಅಲ್ಲದ್ದೂ ಬುಟ್ಟಿಗೇ. ಸತ್ತದ್ದೊಂದು ಕಾವಿನಲ್ಲಿ ಕೊಳೆತು ಸಿಡಿದರೆ ಸುತ್ತಲಿನ ಒಳ್ಳೆಯವೂ ಹಾಳು. ಈ ಕೆಲಸದಲ್ಲಿ ಅತ್ತೆಯ ಕಣ್ಣಿಗೆ ಸಾಟಿ ಇರಲಿಲ್ಲ. ಕೆಲಸದ ಹೆಂಗಸರು ಬೆನ್ನ ಹಿಂದೆ ಅವರನ್ನು ಟಾರ್ಚಮ್ಮ ಎನ್ನುತ್ತಿದ್ದರು. ಎದುರಿಗೆ ಹಾಗೆಂದವರು ಯಾರೂ ಉಳಿದಿರಲಿಲ್ಲ.

ಮದುವೆಯಾಗಿ ಆರು ವರ್ಷಕ್ಕೆ ಸೊಸೆ ಬಸಿರಾದಳು. ಮೊದಲ ಸ್ಕ್ಯಾನಿಗೆ ಅತ್ತೆಯೂ ಹೊರಟರು. ಪರದೆಯ ಮೇಲೆ ಬೂದುಬಣ್ಣದ ನಡುವೆ ಹುರುಳಿಕಾಳಿನಷ್ಟು ಕಪ್ಪು ಕಾಣಿಸಿತು. ಡಾಕ್ಟರು ಬಾಯಿ ತೆರೆಯುವ ಮೊದಲೇ ಅತ್ತೆ ಬಗ್ಗಿ ನೋಡಿ, "ಇದು ಖಾಲಿ" ಎಂದರು.

"ಅಷ್ಟು ಬೇಗ ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರು. "ಚೀಲ ಕಟ್ಟಿದೆ. ಒಳಗೆ ಮಗು ಇನ್ನೂ ಕಾಣ್ತಿಲ್ಲ, ಅಷ್ಟೆ."

"ನಮ್ಮಲ್ಲಿ ವಾರಕ್ಕೆಲ್ಲ ನರ ಕಾಣುತ್ತೆ. ಅದಕ್ಕೂ ಮುಂಚೇನೇ ಗುಂಡಿಗೆ ಹೊಡ್ಕೊಳ್ಳೋಕೆ ಶುರುವಾಗಿರುತ್ತೆ."

"ನಿಮ್ಮಲ್ಲಿ ಅಂದ್ರೆ?"

"ಕೋಳೀಲಿ."

ಡಾಕ್ಟರು ನಗಲಿಲ್ಲ. ಅದು ಸೊಸೆಗೆ ಹಿಡಿಸಿತು.

"ಕೋಳಿಗೆ ಅವಸರ, ಮೂರು ವಾರದಲ್ಲಿ ಹೊರಗೆ ಬರಬೇಕು. ಮನುಷ್ಯರದ್ದು ನಿಧಾನ. ಗಂಡಿನ ಕಣ, ಹೆಣ್ಣಿನ ಅಂಡ ಕೂಡೋದು ನಾಳದಲ್ಲಿ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹಿಪ್ಪುನೇರಳೆ ಹಣ್ಣಿನ ಥರ ಗುಂಪುಕಟ್ಟಿ, ಹಾಗೇ ಉರುಳ್ಕೊಂಡು ಬಂದು ಗರ್ಭಕೋಶದ ಗೋಡೆ ಕಚ್ಕೊಳ್ಳೋಕೇ ಒಂದು ವಾರ ಬೇಕು. ಆಮೇಲೆ ಪದರ ಪದರ ಏಳ್ಬೇಕು. ಅದರಲ್ಲೊಂದು ಪದರದಲ್ಲಿ ಕೂದಲೆಳೆಯಂಥ ಕೊಳವೆ ಕಟ್ಟಿ ಮಿಡಿದ್ರೆ ಅದೇ ಹೃದಯ. ನಿಮ್ಮ ಸೊಸೆ ಮುಟ್ಟು ಮೊದಲಿಂದ ಹೆಚ್ಚುಕಡಿಮೆ. ಬಸಿರು ನಾವು ಅಂದ್ಕೊಂಡಿದ್ದಕ್ಕಿಂತ ತಡವಾಗಿ ನಿಂತಿರಬಹುದು." ಆಮೇಲೆ ಸೊಸೆಯ ಕಡೆ ತಿರುಗಿದರು. "ಬೆಳೀದೇ ಇರಲೂಬಹುದು. ಎಷ್ಟೋ ಸಲ ಶುರುವಲ್ಲೇ ನಿಂತುಹೋಗುತ್ತೆ. ಹತ್ತು ದಿನ ಬಿಟ್ಟು ಬನ್ನಿ. ಜ್ವರ ಬಂದ್ರೆ, ರಕ್ತ ಹೋದ್ರೆ ತಕ್ಷಣ ಬನ್ನಿ."

ಮನೆಗೆ ಬಂದ ಮೂರನೆಯ ದಿನ ಕತ್ತಲೆಕೋಣೆಯಲ್ಲಿ ಇಬ್ಬರೂ ಎದುರುಬದುರು ಕೂತು ಮೊಟ್ಟೆ ನೋಡುತ್ತಿದ್ದಾಗ, ಅತ್ತೆ ಕೈ ನಿಲ್ಲಿಸದೆಯೇ ಅಂದರು:

"ನಾಳೆ ಬೆಳಗ್ಗೆ ಏನೂ ತಿನ್ನಬೇಡ. ಗರ್ಭ ತೊಳೆಸ್ಕೊಂಡು ಬಂದುಬಿಡೋಣ. ಪರಿಚಯದ ನರ್ಸಿಗೆ ಹೇಳಿಟ್ಟಿದೀನಿ."

"ನನ್ನ ಹೊಟ್ಟೆ ವಿಷಯ ನರ್ಸಿಗೆ ಹೇಳೋಕೆ ಮುಂಚೆ ನಂಗೆ ಹೇಳ್ಬೇಕಿತ್ತು ಅತ್ತೆ."

"ಹೇಳ್ತಿದೀನಲ್ಲ ಈಗ!"

"ಕೇಳಿಸ್ತು. ನಾನು ಬರಲ್ಲ."

ಅತ್ತೆಯ ಕೈ ನಿಂತಿತು. ದೀಪದ ಬೆಳಕು ಕೆಳಗಿನಿಂದ ಬಡಿದು ಮುಖ ಬೇರೆ ಯಾರದ್ದೋ ಎಂಬಂತೆ ಕಂಡಿತು. "ನನ್ನ ತಂಗಿ ಹೊಟ್ಟೇಲಿ ಸತ್ತಿದ್ದನ್ನ ಹೊತ್ಕೊಂಡು ತಿರುಗಿದ್ಳು ಕಣೇ. ಇವತ್ತು ಸರಿಹೋಗುತ್ತೆ, ನಾಳೆ ಸರಿಹೋಗುತ್ತೆ ಅಂತ. ನಂಜೇರಿ ಹೋಗ್ಬಿಟ್ಳು. ಅವಳಿಗೆ ಕೊನೇ ನೀರು ಹಾಕಿದ್ದು ಈ ಕೈಯೇ."

ಸೊಸೆ ಈ ಸಂಗತಿಯನ್ನು ಕೇಳುತ್ತಿದ್ದುದು ಇದೇ ಮೊದಲು. ಆದರೂ ಮಾತು ಬದಲಾಯಿಸಲಿಲ್ಲ.

"ನಿಮ್ಮ ಭಯ ನಂಗೆ ಅರ್ಥವಾಗುತ್ತೆ. ಮೈ ಸ್ವಲ್ಪ ಬಿಸಿಯಾದ್ರೂ ನಾನೇ ಓಡ್ತೀನಿ ಆಸ್ಪತ್ರೆಗೆ. ಆದ್ರೆ ಇನ್ನೂ ಸತ್ತಿದೆ ಅಂತ ಗೊತ್ತಿಲ್ಲದ್ದನ್ನ ತೆಗೆಸಲ್ಲ."

"ಎದುರಾಡ್ತೀಯಾ?"

"ಹೌದತ್ತೆ, ಎದುರಾಡ್ತೀನಿ. ಆರು ವರ್ಷದ್ದು ಬಾಕಿ ಇದೆ, ಸೇರಿಸಿ ಆಡ್ತೀನಿ."

ಹೊರಗೆ ಟ್ರೇ ತೊಳೆಯುತ್ತಿದ್ದ ಹೆಂಗಸರ ಸದ್ದು ಗಪ್ಪನೆ ನಿಂತಿತು. ಬಾಗಿಲಲ್ಲಿ ಗಂಡ ನಿಂತಿದ್ದ. ಮರಿಗಳನ್ನು ವ್ಯಾನಿನಲ್ಲಿ ಊರೂರಿಗೆ ಸಾಗಿಸುವುದು ಅವನ ಕೆಲಸ. ಮಾತು ಸಾಗಿಸುವುದು ಅವನಿಂದ ಆಗದು.

"ಅಮ್ಮ ಹೇಳೋದ್ರಲ್ಲೂ..." ಎಂದ.

"ಇವತ್ತೊಂದು ದಿನ ಮಾತು ಪೂರ್ತಿ ಮಾಡ್ರೀ. ಅಮ್ಮ ಹೇಳೋದ್ರಲ್ಲೂ ಏನು?"

ಅವನು ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಡಾಕ್ಟ್ರು ಹೇಳೋದ್ರಲ್ಲೂ..." ಎಂದು ಹತ್ತಿರವಿದ್ದ ಖಾಲಿ ಟ್ರೇ ಎತ್ತಿಕೊಂಡು ಹೊರಟುಹೋದ.

ಮರುದಿನ ಬೆಳಗ್ಗೆ ವ್ಯಾನು ಅಂಗಳದಲ್ಲಿ ಗುರುಗುಡುತ್ತ ನಿಂತಿತ್ತು. ಅತ್ತೆ ಚೀಲ ಹಿಡಿದು ಬಾಗಿಲಿಗೆ ಬಂದರೆ, ಸೊಸೆ ಹೊಸ್ತಿಲಿಗೆ ಅಡ್ಡಲಾಗಿ ಕೂತು, ತಟ್ಟೆ ತುಂಬ ಬಡಿಸಿಕೊಂಡು ಉಣ್ಣುತ್ತಿದ್ದಳು. ವಾಂತಿ ಒತ್ತರಿಸಿ ಬರುತ್ತಿತ್ತು. ನುಂಗಿ ನುಂಗಿ ಉಂಡಳು. ಕೆಲಸದ ಹೆಂಗಸರೆಲ್ಲ ನೋಡುವಂತೆ, ತಟ್ಟೆ ಬಳಿದು, ಬೆರಳು ನೆಕ್ಕಿ, ಚೊಂಬು ನೀರು ಗಟಗಟ ಕುಡಿದಳು.

"ಹೊಟ್ಟೆ ತುಂಬಿದೋರಿಗೆ ಮತ್ತಿನ ಇಂಜೆಕ್ಷನ್ ಕೊಡಲ್ಲ ಅಲ್ವಾ ಅತ್ತೆ? ನಾಳೆಯೂ ತಿಂತೀನಿ. ನಾಡಿದ್ದೂ ತಿಂತೀನಿ."

"ವ್ಯಾನು ನಿಲ್ಸೋ, ಡೀಸೆಲ್ ಸುಡ್ತಿದೆ" ಎಂದು ಅತ್ತೆ ಮಗನ ಮೇಲೆ ರೇಗಿ ಒಳಗೆ ಹೋದರು. ಅಂದಿನಿಂದ ದಿನಕ್ಕೆ ನಾಲ್ಕಾರು ಸಲ ಸೊಸೆಯ ಹಣೆ ಮುಟ್ಟಿ ನೋಡುತ್ತಿದ್ದರು. ಅದಕ್ಕೆ ಮಾತ್ರ ಸೊಸೆ ಅಡ್ಡಿ ಹೇಳಲಿಲ್ಲ.

ಡಾಕ್ಟರು ಹೇಳಿದ ದಿನ ಬಂತು. ಅತ್ತೆ ಸ್ಕ್ಯಾನ್ ಕೋಣೆಯ ಬಾಗಿಲಿಗೇ ಆತು ನಿಂತರು. ಡಾಕ್ಟರು ಬಹಳ ಹೊತ್ತು ಹುಡುಕಿದರು. ಆಮೇಲೆ ಪರದೆಯನ್ನು ಸೊಸೆಯ ಕಡೆ ತಿರುಗಿಸಿದರು. ಕಪ್ಪಿನ ಅಂಚಿನಲ್ಲಿ ಅಕ್ಕಿಕಾಳಿಗಿಂತ ಸಣ್ಣದೊಂದು ಬಿಳುಪು. ಅದರ ನಡುವೆ ಏನೋ ಪಟಪಟ ಅದುರುತ್ತಿತ್ತು.

"ಮಿಡಿತ ಇದೆ," ಎಂದರು. "ಇರಬೇಕಾದ್ದಕ್ಕಿಂತ ಸ್ವಲ್ಪ ನಿಧಾನ. ಇನ್ನೊಂದು ವಾರ ನೋಡ್ಬೇಕು."

"ಉಳಿಯುತ್ತಾ?" ಬಾಗಿಲಿನಿಂದ ಅತ್ತೆ ಕೇಳಿದರು.

"ಈಗಲೇ ಹೇಳೋಕಾಗಲ್ಲ."

ಸೊಸೆ ಅತ್ತಳು. ಅಳುತ್ತಲೇ ಎದ್ದು, ಸ್ಕ್ಯಾನಿಗೆಂದು ಹೊಟ್ಟೆಗೆ ಹಚ್ಚಿದ್ದ ಅಂಟನ್ನು ಒರೆಸಿಕೊಂಡು, "ಬರೋ ವಾರ ಎಷ್ಟು ಹೊತ್ತಿಗೆ ಬರ್ಲಿ ಡಾಕ್ಟ್ರೇ?" ಎಂದಳು.

"ನಾನೂ ಬರ್ತೀನಿ," ಎಂದರು ಅತ್ತೆ.

"ಬನ್ನಿ. ತೀರ್ಪು ಕೊಡೋಕಾದ್ರೆ ಬೇಡ," ಎಂದಳು ಸೊಸೆ.

"ಮತ್ತೆ ಯಾತಕ್ಕೆ ಬರ್ಲಿ?"

"ಪಕ್ಕದಲ್ಲಿ ಸುಮ್ನೆ ಕೂರೋಕೆ."

ಸುಮ್ಮನೆ ಕೂತು ಅಭ್ಯಾಸವಿಲ್ಲದ ಅತ್ತೆ ಸ್ಕ್ಯಾನಿನ ಚೀಟಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಸೊಸೆ ಮುಂದೆ ನಡೆದಳು.

"ನಿಧಾನ ಕಣೇ, ಮೆಟ್ಟಿಲಿದೆ!"

"ಕಾಣ್ತಿದೆ ಅತ್ತೆ," ಎಂದ ಸೊಸೆ ಕಂಬಿ ಹಿಡಿಯದೆ ಇಳಿದಳು.