ಅತ್ತೆ ನೀರಿಗಿಳಿದ ಬೆಳಗ್ಗೆ

"ಹಿಂದೆ ದೊಡ್ಡದು ಬರ್ತಾ ಉಂಟು ಭವ್ಯಕ್ಕ, ತಯಾರಾಗಿ" ಎಂದು ಪಕ್ಕದಲ್ಲಿ ತೇಲುತ್ತಿದ್ದ ಜೊತೆಯ ಸ್ಪರ್ಧಿ ಸ್ವಾತಿ ಕೂಗಿದಾಗ ಭವ್ಯಾ ಅಲೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ದಡದ ಮೇಲೆ ನೆಟ್ಟಿತ್ತು. ಸರ್ಫಿಂಗ್ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಅವಳನ್ನು ನೀರು ಎತ್ತಿ ಇಳಿಸುತ್ತಿತ್ತು. ಎತ್ತಿದಾಗಲೆಲ್ಲ ದಡದ ಬಾವುಟಗಳು, ಶಾಮಿಯಾನ, ಅದರಡಿ ಕೂತ ತೀರ್ಪುಗಾರರು ಕಾಣುತ್ತಿದ್ದರು. ಜೊತೆಗೆ, ಜನರನ್ನು ಸರಿಸಿಕೊಂಡು ನೇರ ನೀರಿನತ್ತ ಬರುತ್ತಿದ್ದ ಒಂದು ಗಿಳಿಹಸಿರು ಸೀರೆ. ಹೊಸನಗರದ ಪೇಟೆಯಲ್ಲಿ ಅತ್ತೆಗೆ ಆ ಸೀರೆಯನ್ನು ಆರಿಸಿ ಕೊಡಿಸಿದವಳು ಅವಳೇ.

ಕೆರಿಯಮ್ಮ ಅವಳ ಸೋದರತ್ತೆ. ತಾಯಿ ತೀರಿಕೊಂಡ ಮೇಲೆ ಭವ್ಯಾಳನ್ನು ಸಾಕಿ ಬೆಳೆಸಿದವಳು. ಅಣೆಕಟ್ಟಿನ ನೀರು ಊರಿಗೆ ನುಗ್ಗಿದಾಗ ಆಕೆ ಇನ್ನೂ ಸಣ್ಣ ಹುಡುಗಿ. ದೋಣಿಯಲ್ಲಿ ಕೂತು, ತಮ್ಮ ಮನೆಯ ಮಾಡು ನೀರಿನೊಳಗೆ ಹೋಗುವುದನ್ನು ಕಣ್ಣಾರೆ ನೋಡಿಕೊಂಡು ಆಚೆ ದಡ ಸೇರಿದವಳು. ಆಮೇಲೆ ಅವಳು ಹಿನ್ನೀರು ದಾಟಿಸುವ ಲಾಂಚ್ ಹತ್ತಿದ್ದೇ ಇಲ್ಲ. ಊರವರೆಲ್ಲ ಆಚೆ ದಡದ ಸಿಗಂದೂರು ದೇವಿಯ ದರ್ಶನಕ್ಕೆ ಹೋದರೂ ಈಚೆ ದಡದಲ್ಲೇ ನಿಂತು ಕೈಮುಗಿದು ತಿರುಗಿಬಿಡುತ್ತಿದ್ದಳು. ಭವ್ಯಾಳನ್ನು ಊರ ಕೆರೆಗೂ ಇಳಿಯಬಿಟ್ಟವಳಲ್ಲ. ಹಾಗಾಗಿ ಭವ್ಯಾ ಈಜು ಕಲಿತದ್ದು ಮೂವತ್ತು ದಾಟಿದ ಮೇಲೆ, ಈ ಹೊಸಕೋಡಿಗೆ ಬಂದು.

ಕುಂದಾಪುರದಾಚೆಯ ಈ ಪುಟ್ಟ ಕಡಲೂರಿಗೆ ಅವಳು ಗೆಳತಿಯರ ಜೊತೆ ವಾರದ ಮಟ್ಟಿಗೆಂದು ಬಂದಿದ್ದಳು. ಅವಳದು ಆಸ್ಪತ್ರೆಗಳ ಕಂಪ್ಯೂಟರ್ ಕೈಕೊಟ್ಟಾಗ ಕೂತಲ್ಲಿಂದಲೇ ಸರಿಮಾಡಿಕೊಡುವ ಕೆಲಸ. ಎಲ್ಲಿ ಕೂತು ಮಾಡಿದರೂ ನಡೆಯುತ್ತಿತ್ತು. ಗೆಳತಿಯರು ಹೊರಟುಹೋದರು, ಇವಳು ಉಳಿದಳು. ಬಲೆ ತುಂಬಿಡುವ ಕೊಟ್ಟಿಗೆಯ ಮೇಲಿನ ಕೋಣೆಯನ್ನು ವೆಂಕಮ್ಮನವರಿಂದ ಬಾಡಿಗೆಗೆ ಹಿಡಿದಳು. ಬೆಳಕು ಹರಿಯುವಾಗ ಕಡಲಿಗೆ, ಬಂದು ಒದ್ದೆ ಕೂದಲಲ್ಲೇ ಲ್ಯಾಪ್‌ಟಾಪಿನ ಮುಂದೆ. ಬಿಲ್ ತೆಗೆಯಲಾಗದೆ ಕಂಗಾಲಾದ ಯಾವುದೋ ಊರಿನ ನರ್ಸಮ್ಮನಿಗೆ ಫೋನಿನಲ್ಲಿ ಸಮಾಧಾನ ಹೇಳುವಾಗಲೂ ಮೈಯೊಳಗೆ ಅಲೆಯ ತೂಗಾಟ ನಿಂತಿರುತ್ತಿರಲಿಲ್ಲ. ಇಷ್ಟು ಖುಷಿಯಾಗಿ ಕೆಲಸ ಮಾಡಬಹುದೆಂದು ಅವಳಿಗೆ ಮೊದಲು ಗೊತ್ತೇ ಇರಲಿಲ್ಲ.

ಈಗ ಕಂಪನಿ ಅವಳನ್ನು ತಂಡದ ಮುಖ್ಯಸ್ಥೆ ಮಾಡಲು ಹೊರಟಿತ್ತು. ಆದರೆ ಬೆಂಗಳೂರಿಗೆ ಬಂದು ಕೂರಬೇಕು. ಮೇಲಧಿಕಾರಿ ಮಧುಸೂದನ ಅವರಿಗೆ ಈ ದಿನ ಮಧ್ಯಾಹ್ನದೊಳಗೆ ಉತ್ತರ ಹೇಳಬೇಕಿತ್ತು.

ಸುದ್ದಿ ಹೇಗೋ ಅಪ್ಪ ಬೆಳ್ಳಪ್ಪನ ಬಾಯಿಂದ ಅತ್ತೆಗೆ ಮುಟ್ಟಿ, ಅವಳು ಹಿಂದಿನ ಸಂಜೆಯೇ ಹುಲಿಕಲ್ ಘಾಟಿಯ ಬಸ್ಸು ಹಿಡಿದು ಇಳಿದಿದ್ದಳು. ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ.

"ಬೆಂಗ್ಳೂರಿಗೆ ಹೋಗ್ತೀಯಂತಲ್ಲ, ಒಳ್ಳೇದಾತು ಬಿಡು. ಸಾಮಾನು ಕಟ್ಟಕ್ಕೆ ಒಂದು ಕೈ ಇರ್ಲಿ ಅಂತ ಬಂದೆ" ಎಂದವಳು, ಕಿಟಕಿಯಲ್ಲಿ ಕಡಲು ಕಂಡದ್ದೇ ಅದಕ್ಕೆ ಬೆನ್ನು ಹಾಕಿ ಕೂತಳು. "ಈ ಸದ್ದಿನಾಗೆ ಹೆಂಗೆ ನಿದ್ದೆ ಮಾಡ್ತೀಯೆ ಮಾರಾಯ್ತಿ?"

ತಾನು ಕಡಲಿಗಿಳಿಯುತ್ತೇನೆಂದು ಭವ್ಯಾ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಬೆಳಗ್ಗೆಯೂ ಹೇಳಲಾಗಲಿಲ್ಲ. "ಮೀಟಿಂಗ್ ಇದೆ ಅತ್ತೆ, ನೆಟ್ ಚೆನ್ನಾಗಿರೋ ಕಡೆ ಹೋಗ್ಬರ್ತೀನಿ" ಎಂದು ಸುಳ್ಳು ಹೇಳಿ ಹೊರಟಿದ್ದಳು. ಆದರೆ ಸ್ಪರ್ಧೆಯ ಮೈಕಿನವನು ಅವಳ ಹೆಸರನ್ನು ಊರಿನ ಹೆಸರು ಸಮೇತ ಕೂಗಿದ್ದ. ಅಂಗಳದಲ್ಲಿ ಮೀನು ತೊಳೆಯುತ್ತಿದ್ದ ವೆಂಕಮ್ಮ ತಲೆಯೆತ್ತಿ, "ಅದ್ ನಿಮ್ ಹುಡ್ಗಿ ಹೆಸ್ರಲ್ದಾ?" ಎಂದು ಅತ್ತೆಯನ್ನು ಕೇಳಿದ್ದರು. ಅಷ್ಟೇ ಸಾಕಾಗಿತ್ತು.

ಈಗ ಗಿಳಿಹಸಿರು ಸೀರೆ ನೊರೆ ದಾಟಿ ಒಳಗೆ ಬಂದಿತ್ತು. ಯಾರೋ ಕೈಹಿಡಿದು ತಡೆದರು; ಅತ್ತೆ ಕೈ ಕೊಡವಿಕೊಂಡಳು. ಮೊಣಕಾಲುದ್ದದ ನೀರಿನಲ್ಲಿ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಳು. ಒಂದು ಮಾತೂ ಇಲ್ಲಿಗೆ ಕೇಳಿಸುತ್ತಿರಲಿಲ್ಲ.

ಭವ್ಯಾ ಕಣ್ಣಲ್ಲೇ ದೂರ ಅಳೆದಳು. ಕೈಯಿಂದ ನೀರು ತಳ್ಳುತ್ತ ದಡ ಸೇರುವಷ್ಟರಲ್ಲಿ ಅತ್ತೆ ಸೊಂಟಮಟ್ಟದ ನೀರಿಗೆ ಬಂದಿರುತ್ತಾಳೆ. ಅಷ್ಟು ಬೇಗ ತನ್ನನ್ನು ಅಲ್ಲಿಗೆ ಮುಟ್ಟಿಸುವಂಥದ್ದು ಒಂದೇ, ಬೆನ್ನ ಹಿಂದೆ ಎದ್ದು ಬರುತ್ತಿರುವ ಅಲೆ.

ಅವಳು ಹಲಗೆಯ ಮೇಲೆ ಬೋರಲಾಗಿ ಕೈ ಬೀಸಿದಳು. ಮೊದಲ ಎರಡು ಅಲೆಗಳಲ್ಲಿ ಎದ್ದು ನಿಲ್ಲುವ ಮುನ್ನವೇ ಬಿದ್ದಿದ್ದಳು. ಈಗ ಬೀಳುವ ಯೋಚನೆಗೂ ಪುರುಸೊತ್ತಿರಲಿಲ್ಲ. ಹಿಂದಿನಿಂದ ನೀರು ಎತ್ತಿತು, ಹಲಗೆಯ ಮೂತಿ ಕೆಳಗಾಯಿತು. ಅಂಗೈ ಊರಿ ಎದ್ದಳು. ಪಾದ ಹಲಗೆಗೆ ಅಂಟಿತು, ಮೊಣಕಾಲು ತಾನಾಗಿ ಬಾಗಿತು. ಗಾಳಿ ಕಿವಿಯಲ್ಲಿ ಭೋರ್ಗರೆಯಿತು. ಎಡಕ್ಕೆ ಹಸಿರು ಗಾಜಿನಂಥ ನೀರು ಮಡಚಿಕೊಳ್ಳುತ್ತ ಜೊತೆಜೊತೆಗೇ ಓಡಿ ಬರುತ್ತಿತ್ತು. ಬಾವುಟ, ಶಾಮಿಯಾನ, ಜನರ ಕೂಗು ಎಲ್ಲ ಬದಿಗೆ ಸರಿದುಹೋಗಿ ಎದುರಿಗೆ ಅತ್ತೆಯ ಮುಖವೊಂದೇ ದೊಡ್ಡದಾಗುತ್ತ ಬಂತು. ಭವ್ಯಾ ಅಳುತ್ತಿದ್ದಳೋ ನಗುತ್ತಿದ್ದಳೋ, ಬಾಯಿ ತುಂಬ ಉಪ್ಪು.

ಅತ್ತೆಯ ಮುಂದೆ ಅಲೆ ನೊರೆಯಾಗಿ ಕುಸಿಯಿತು. ಭವ್ಯಾ ಹಾರಿ ಇಳಿದು ಅವಳನ್ನು ತಬ್ಬಿ ಹಿಡಿದಳು. ಕೆರಿಯಮ್ಮ ಮೊದಲು ಅವಳ ಭುಜಕ್ಕೆ ಬಲವಾಗಿ ಒಂದು ಹೊಡೆದಳು. ಇನ್ನೊಂದು ಹೊಡೆಯಲು ಎತ್ತಿದ ಕೈಯಿಂದ ಅವಳ ತಲೆ, ಕೆನ್ನೆ, ತೋಳು ಎಲ್ಲ ತಡವಿ ನೋಡಿದಳು.

"ನೀನು ನೀರಿಗೆ ಇಳ್ದಿದೀಯ ಅತ್ತೆ."

"ಇಳಿದೆ ಮತ್ತೆಂತ ಮಾಡ್ಲಿ? ನಿನ್ನ ಎಳ್ಕಂಡು ಹೋಗಕ್ಕೆ ಬಂದೆ." ಅವಳಿಗೆ ಏದುಸಿರು. ತನ್ನ ಸೊಂಟದ ಸುತ್ತ ತೇಲುತ್ತಿದ್ದ ಸೆರಗನ್ನು ಅದು ಬೇರೆ ಯಾರದೋ ಎಂಬಂತೆ ನೋಡಿದಳು. ಆಮೇಲೆ ಭವ್ಯಾ ಬಂದ ದಾರಿಯನ್ನು, ಅಷ್ಟು ದೂರದ ನೀರನ್ನು, ಕಣ್ಣು ಕಿರಿದು ಮಾಡಿ ನೋಡಿದಳು. "ಅಲ್ಲೇ ಹುಡ್ಗಿ, ನೀರಿನ ಮೇಲೇ ನಿಂತಿದ್ಯಲ್ಲೇ."

ಬಹುಮಾನ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಆದರೂ ಕೋಣೆಯ ಮೆಟ್ಟಿಲು ಹತ್ತುವಾಗ ಭವ್ಯಾಳ ಕಾಲು ನೆಲದ ಮೇಲಿರಲಿಲ್ಲ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಲ್ಯಾಪ್‌ಟಾಪ್ ತೆರೆದಳು.

"ನಾನು ಇಲ್ಲೇ ಇರ್ತೀನಿ ಸರ್. ಈಗ ಮಾಡ್ತಿರೋ ಕೆಲಸವೇ ಮಾಡ್ತೀನಿ."

ಪರದೆಯಲ್ಲಿ ಮಧುಸೂದನ ಕನ್ನಡಕ ತೆಗೆದರು. "ಯೋಚನೆ ಮಾಡಿದ್ದೀರಾ? ಇಂಥ ಅವಕಾಶ ಮತ್ತೆ ಬೇಗ ಬರಲ್ಲ. ರಾಘವೇಂದ್ರನಿಗೆ ಕೊಡಬೇಕಾಗತ್ತೆ. ನೀವು ಅವನ ಕೈಕೆಳಗೆ ಬರ್ತೀರಿ."

ರಾಘವೇಂದ್ರನಿಗೆ ಕೆಲಸ ಕಲಿಸಿದವಳೇ ಅವಳು. ಆ ಮಾತು ಸೂಜಿಯಂತೆ ಚುಚ್ಚಿತು. "ಕೊಡಿ ಸರ್, ಒಳ್ಳೆಯವನು" ಎಂದಳು. ಹೇಳಿದ ಮೇಲೆ ನೋವಿಗಿಂತ ಹಗುರವೇ ಹೆಚ್ಚೆನಿಸಿತು. ಅವರು "ಕೂದಲು ಒರೆಸಿಕೊಳ್ಳಿ, ಶೀತ ಆಗತ್ತೆ" ಎಂದು ನಕ್ಕು ಹೋದರು.

ಇನ್ನು ಅತ್ತೆಗೆ ಹೇಳಬೇಕಿತ್ತು. ಸಾಮಾನು ಕಟ್ಟಲೆಂದು ಬಂದವಳಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಳ್ಳುತ್ತ ಭವ್ಯಾ ಮೆಟ್ಟಿಲ ತುದಿಗೆ ಬಂದು ನಿಂತಳು.

ಕೆಳಗೆ ಅಂಗಳದಲ್ಲಿ ವೆಂಕಮ್ಮನವರ ಸೀರೆ ಉಟ್ಟಿದ್ದ ಕೆರಿಯಮ್ಮ ಫೋನು ಕಿವಿಗೆ ಒತ್ತಿ ಹಿಡಿದು ಜೋರಾಗಿ ಮಾತಾಡುತ್ತಿದ್ದಳು. "ಕೂತ್ಕಂಡಲ್ಲ ಬೆಳ್ಳಪ್ಪ, ನಿಂತ್ಕಂಡು. ಹೆಂಗೆ ಅಂದ್ರೆ, ಇಕಾ ನೋಡು, ಹಿಂಗೆ." ತಮ್ಮನಿಗೆ ಅದು ಕಾಣುವುದಿಲ್ಲವೆಂಬುದು ಅವಳಿಗೆ ನೆನಪಿದ್ದಂತಿರಲಿಲ್ಲ. ಒಂದು ಪಾದ ಮುಂದಿಟ್ಟು, ಮೊಣಕಾಲು ಬಗ್ಗಿಸಿ, ಖಾಲಿ ಕೈಯನ್ನು ಗಾಳಿಯಲ್ಲಿ ಚಾಚಿ, ಒಣಗಿದ ಅಂಗಳದ ನಡುವೆ ಅವಳು ಬೀಳದಂತೆ ಮೆಲ್ಲಗೆ ತೂಗುತ್ತಿದ್ದಳು.